ಸೋತವರೂ ಇತಿಹಾಸ ಬರೆಯುತ್ತಾರೆ

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಯುಪಿಎಸ್‌ಸಿಗೆ ಓದುತ್ತಿರುವವರಿಗೆ ಆ ಸಾಲು ಗೊತ್ತಿರುತ್ತದೆ. ಎರಡನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಅಮೆರಿಕದ ಅಂತರ್ಯುದ್ಧ, ಅಬ್ರಹಾಂ ಲಿಂಕನ್, ಗುಲಾಮಗಿರಿಯ ರದ್ದತಿ ಎಂದು ಬರುವ ಸಾಲು. ನನ್ನ ನೋಟ್ಸ್‌ನಲ್ಲಿ ಅದಕ್ಕೆ ಇದ್ದದ್ದು ಎರಡೇ ಪುಟ. ಯುದ್ಧದ ಕಾರಣಗಳು: ಒಂದು, ರಾಜ್ಯಗಳ ಹಕ್ಕು. ಎರಡು, ಆಮದು ಸುಂಕದ ಜಗಳ. ಮೂರು, ಉತ್ತರದ ಕೈಗಾರಿಕೆಗೂ ದಕ್ಷಿಣದ ಹತ್ತಿ ಬೆಳೆಗೂ ಇದ್ದ ತಿಕ್ಕಾಟ. ಗುಲಾಮಗಿರಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಅದನ್ನು ಹಾಗೇ ಬಾಯಿಪಾಠ ಮಾಡಿದೆ, ಅಣಕು ಪರೀಕ್ಷೆಯಲ್ಲಿ ಹಾಗೇ ಬರೆದೆ, ಒಳ್ಳೆಯ ಅಂಕವೂ ಬಂತು. ಆಮೇಲೆ ಅದೇ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಪಿಜಿಯಲ್ಲಿದ್ದ ಮೂವರು ಜೂನಿಯರ್‌ಗಳಿಗೆ ಹಂಚಿದೆ. ಈ ಬರಹ ಆ ಮೂರು ಪ್ರತಿಗಳ ಸಾಲ ತೀರಿಸಲು ಎಂದುಕೊಳ್ಳಿ.

ಕಣ್ಣು ತೆರೆಸಿದ್ದು ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡ ಒಂದು ಹಳೆ ಪುಸ್ತಕ. ಜೇಮ್ಸ್ ಮ್ಯಾಕ್‌ಫರ್ಸನ್ ಅವರ ‘ಬ್ಯಾಟಲ್ ಕ್ರೈ ಆಫ್ ಫ್ರೀಡಂ’. 1988ರಲ್ಲಿ ಬಂದದ್ದು, ಮರುವರ್ಷ ಪುಲಿಟ್ಜರ್ ಪಡೆದದ್ದು. ಎಂಟುನೂರು ಪುಟ ದಾಟುವ ಆ ದಪ್ಪ ಪುಸ್ತಕದಲ್ಲಿ ಯುದ್ಧದ ಮೊದಲ ಗುಂಡು ಹಾರುವ ಮೊದಲೇ ನೂರಾರು ಪುಟ ಕಳೆಯುತ್ತವೆ. ಮೊದಮೊದಲು ಬೇಸರವಾಯಿತು. ಆದರೆ ನನ್ನ ನೋಟ್ಸ್ ಕುಸಿದದ್ದು ಆ ಪುಟಗಳಲ್ಲೇ.

ರಾಜ್ಯಗಳ ಹಕ್ಕನ್ನೇ ನೋಡಿ. ಒಕ್ಕೂಟದಿಂದ ಮೊದಲು ಹೊರನಡೆದದ್ದು ದಕ್ಷಿಣ ಕೆರೊಲಿನಾ, 1860ರ ಡಿಸೆಂಬರ್‌ನಲ್ಲಿ. ಯಾಕೆ ಹೊರಡುತ್ತಿದ್ದೇವೆ ಎಂದು ಅದು ಒಂದು ಘೋಷಣೆಯನ್ನೂ ಹೊರಡಿಸಿತು. ಅದರ ಮುಖ್ಯ ದೂರು ಏನು ಗೊತ್ತೇ? ತಪ್ಪಿಸಿಕೊಂಡು ಓಡಿಬಂದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಒಪ್ಪಿಸುತ್ತಿಲ್ಲ ಎಂಬುದು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ದಕ್ಷಿಣಕ್ಕೆ ಸಿಟ್ಟು! ಮರುತಿಂಗಳು ಮಿಸಿಸಿಪ್ಪಿ ಹೊರಡಿಸಿದ ಘೋಷಣೆ ಇನ್ನೂ ನೇರ. ತಮ್ಮ ನಿಲುವು ಗುಲಾಮಗಿರಿಯ ಜೊತೆ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಹೇಳಿಬಿಡುತ್ತದೆ. ಸುಂಕದ ವಿಷಯಕ್ಕೆ ಬಂದರೆ, 1857ರಲ್ಲಿ ಸುಂಕವನ್ನು ಇಳಿಸಲಾಗಿತ್ತು, ಅದೂ ದಕ್ಷಿಣದವರ ಬೆಂಬಲದಿಂದ.

ಈ ಘೋಷಣೆಗಳು ಗುಟ್ಟಿನ ಕಾಗದಗಳಲ್ಲ. ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಒಂದೊಂದಕ್ಕೂ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ನಾನು ಎರಡು ವರ್ಷ ಕೊಟ್ಟಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅಲೆಕ್ಸಾಂಡರ್ ಸ್ಟೀಫನ್ಸ್ ಎಂಬಾತ. ಪ್ರತ್ಯೇಕಗೊಂಡ ದಕ್ಷಿಣದ ಸರ್ಕಾರದ ಉಪಾಧ್ಯಕ್ಷ. 1861ರ ಮಾರ್ಚ್‌ನಲ್ಲಿ ಸವಾನಾ ನಗರದಲ್ಲಿ ಭಾಷಣ ಮಾಡಿ, ಕರಿಯರು ಬಿಳಿಯರಿಗೆ ಸಮರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ, ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅದೇ ಎಂದ. ನಾಲ್ಕು ವರ್ಷ ಯುದ್ಧವಾಯಿತು, ದಕ್ಷಿಣ ಸೋತಿತು. ಅದೇ ಸ್ಟೀಫನ್ಸ್ ಆಮೇಲೆ ಎರಡು ಸಂಪುಟಗಳ ಪುಸ್ತಕ ಬರೆದ. ಅದರಲ್ಲಿ ಯುದ್ಧ ನಡೆದದ್ದು ಸಂವಿಧಾನದ ತತ್ವಕ್ಕಾಗಿ, ರಾಜ್ಯಗಳ ಸಾರ್ವಭೌಮತ್ವಕ್ಕಾಗಿ! ಮನುಷ್ಯ ಒಬ್ಬನೇ, ಬಾಯಿ ಒಂದೇ. ಗೆಲ್ಲುವ ನಂಬಿಕೆ ಇದ್ದಾಗ ಒಂದು ಮಾತು, ಸೋತ ಮೇಲೆ ಇನ್ನೊಂದು. ಅಂದಿನಿಂದ ಯಾವುದೇ ಯುದ್ಧದ ಪುಸ್ತಕ ಕೈಗೆತ್ತಿಕೊಂಡರೂ ಮೊದಲು ನೋಡುವುದು ತಾರೀಖನ್ನು. ಈ ಮಾತು ಹೇಳಿದ್ದು ಫಲಿತಾಂಶ ಗೊತ್ತಾಗುವ ಮೊದಲೋ, ಆಮೇಲೋ?

‘ಇತಿಹಾಸ ಬರೆಯುವುದು ಗೆದ್ದವರೇ’ ಎಂಬ ಮಾತನ್ನು ನಮ್ಮ ಓದುವ ಗುಂಪುಗಳಲ್ಲಿ ದಿನಕ್ಕೊಬ್ಬರು ಹೇಳುತ್ತಾರೆ. ನಾನೂ ಹೇಳಿದ್ದೇನೆ. ಅಮೆರಿಕದ ಅಂತರ್ಯುದ್ಧ ಈ ಮಾತಿಗೆ ದೊಡ್ಡ ಅಪವಾದ. ಯುದ್ಧ ಮುಗಿದ ಮರುವರ್ಷವೇ, 1866ರಲ್ಲಿ, ರಿಚ್ಮಂಡ್‌ನ ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ ‘ದಿ ಲಾಸ್ಟ್ ಕಾಸ್’ ಎಂಬ ಪುಸ್ತಕ ತಂದ. 1881ರಲ್ಲಿ ದಕ್ಷಿಣದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ತನ್ನ ಸಮರ್ಥನೆ ಬರೆದ. ನಂತರದ ತಲೆಮಾರಿನಲ್ಲಿ ಕೆಲಸ ಇನ್ನೂ ವ್ಯವಸ್ಥಿತವಾಯಿತು. 1919ರ ಸುಮಾರಿಗೆ ಮಿಲ್ಡ್ರೆಡ್ ರದರ್‌ಫೋರ್ಡ್ ಎಂಬ ಮಹಿಳೆ ಪಠ್ಯಪುಸ್ತಕಗಳನ್ನು ಅಳೆಯುವ ಅಳತೆಗೋಲು ಎಂದೇ ಒಂದು ಕಿರುಹೊತ್ತಿಗೆ ಹೊರತಂದರು. ದಕ್ಷಿಣ ಹೋರಾಡಿದ್ದು ಗುಲಾಮರನ್ನು ಉಳಿಸಿಕೊಳ್ಳಲು ಎನ್ನುವ ಪುಸ್ತಕವನ್ನು ಶಾಲೆಗೆ ಸೇರಿಸಬೇಡಿ. ಗುಲಾಮರ ಒಡೆಯರನ್ನು ಕ್ರೂರಿಗಳೆನ್ನುವ ಪುಸ್ತಕ ಬೇಡ. ಲಿಂಕನ್‌ನನ್ನು ಹೊಗಳಿ ಡೇವಿಸ್‌ನನ್ನು ತೆಗಳುವುದೂ ಬೇಡ. ಗ್ರಂಥಾಲಯದಲ್ಲಿ ಅಂಥ ಪುಸ್ತಕ ಈಗಾಗಲೇ ಇದ್ದರೆ ಅದರ ಮೇಲೆ ‘ದಕ್ಷಿಣಕ್ಕೆ ಅನ್ಯಾಯ ಮಾಡಿದ್ದು’ ಎಂದು ಬರೆದಿಡಿ. ಹೀಗಿತ್ತು ಅದರ ಸಲಹೆ. ಒಳ್ಳೆಯ ಪುಸ್ತಕ ಆರಿಸುವುದು ಹೇಗೆ ಎಂದು ನಾವು ತಲೆಕೆಡಿಸಿಕೊಳ್ಳುತ್ತೇವೆ. ನೂರು ವರ್ಷದ ಹಿಂದೆಯೇ ಒಬ್ಬರು ಅದಕ್ಕೆ ತಲೆಕೆಳಗಾದ ಕೈಪಿಡಿ ಬರೆದಿಟ್ಟಿದ್ದರು. ಆ ಅಳತೆಗೋಲಿನಲ್ಲಿ ಪಾಸಾಗುವಂಥ ನಾಲ್ಕು ಕಾರಣಗಳ ಪಟ್ಟಿ ಒಂದು ನೋಟ್ಸ್‌ನಿಂದ ಇನ್ನೊಂದಕ್ಕೆ ನಕಲಾಗುತ್ತಾ ಬೆಂಗಳೂರಿನ ಪಿಜಿಯ ಜೆರಾಕ್ಸ್‌ವರೆಗೂ ಬಂದಿತ್ತು.

ಇದನ್ನು ಮೊದಲೇ ಹೇಳಿದವರೂ ಇದ್ದರು. ಡಬ್ಲ್ಯು.ಇ.ಬಿ. ಡು ಬಾಯ್ಸ್ 1935ರಲ್ಲಿ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಬರೆದರು. ಅದರ ಕೊನೆಯ ಅಧ್ಯಾಯ ಶಾಲಾ ಪಠ್ಯಗಳು ಕರಿಯರ ಬಗ್ಗೆ ಹೇಳುತ್ತಿದ್ದ ಸುಳ್ಳುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತದೆ. ಆ ಯುದ್ಧದಲ್ಲಿ ಉತ್ತರದ ಸೇನೆಯಲ್ಲಿ ಹೋರಾಡಿದ ಕರಿಯ ಸೈನಿಕರೇ ಸುಮಾರು 1,80,000. ಸ್ವಾತಂತ್ರ್ಯವನ್ನು ಯಾರೋ ಕೈಯೆತ್ತಿ ಕೊಟ್ಟದ್ದಲ್ಲ ಎಂದು ತಿಳಿಯಲು ಈ ಸಂಖ್ಯೆಯೊಂದೇ ಸಾಕು. ಬಿಳಿಯ ವೃತ್ತಿ ಇತಿಹಾಸಕಾರರು ಬಹುಕಾಲ ಈ ಪುಸ್ತಕವನ್ನು ಪಕ್ಕಕ್ಕೆ ಸರಿಸಿದ್ದರು. ನಮ್ಮಲ್ಲಿ ಡು ಬಾಯ್ಸ್ ಅವರ ಬೆಲೆ ತಿಳಿದವರಿದ್ದರು. 1946ರಲ್ಲಿ ಅಂಬೇಡ್ಕರ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಡು ಬಾಯ್ಸ್ ಉತ್ತರಿಸಿದ್ದರು ಕೂಡ.

ಅಂದಹಾಗೆ, ಈ ಯುದ್ಧ ನಮ್ಮಿಂದ ತೀರಾ ದೂರದ್ದೂ ಅಲ್ಲ. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಬಿತ್ತು.

ಹಾಗಾದರೆ ಸೋತವರ ಪುಸ್ತಕ, ಪಕ್ಷಪಾತದ ಪುಸ್ತಕ ಓದಲೇಬಾರದೇ? ಓದಬೇಕು, ಯಾವುದಕ್ಕೆ ಎಂದು ತಿಳಿದು ಓದಬೇಕು. ಶೆಲ್ಬಿ ಫುಟ್ ಕಾದಂಬರಿಕಾರ. 1958ರಿಂದ 1974ರವರೆಗೆ ಮೂರು ಸಂಪುಟಗಳಲ್ಲಿ ಈ ಯುದ್ಧದ ಕಥನ ಬರೆದ. ಮಳೆ, ಕೆಸರು, ದಣಿದ ಕುದುರೆ, ಎಡವಟ್ಟು ಮಾಡುವ ಸೇನಾಪತಿ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಅಡಿಟಿಪ್ಪಣಿ ಇಲ್ಲ, ದಕ್ಷಿಣದ ಸೇನಾನಿಗಳ ಮೇಲೆ ಆತನ ಮಮತೆ ಎದ್ದು ಕಾಣುತ್ತದೆ. ರಣರಂಗಕ್ಕೆ ಫುಟ್ ಸರಿ, ಯುದ್ಧ ಯಾಕಾಯಿತು ಎಂಬುದಕ್ಕೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಆತ್ಮಕಥೆಗಳ ವಿಷಯದಲ್ಲಿ ನನ್ನದು ಒಂದೇ ಪರೀಕ್ಷೆ: ಬರೆದವನು ಎಲ್ಲಾದರೂ ತನ್ನ ವಿರುದ್ಧವೇ ಸಾಕ್ಷಿ ಹೇಳಿದ್ದಾನೆಯೇ? ಉತ್ತರದ ಸೇನೆಯ ದಂಡನಾಯಕ ಯುಲಿಸಿಸ್ ಗ್ರಾಂಟ್, ಆಮೇಲೆ ಅಧ್ಯಕ್ಷನೂ ಆದವನು, ಪಾಲುದಾರನ ಮೋಸದಿಂದ ದಿವಾಳಿಯಾಗಿ, ಗಂಟಲಿನ ಕ್ಯಾನ್ಸರ್‌ನಿಂದ ಸಾಯುತ್ತಾ, ಸಂಸಾರಕ್ಕೊಂದು ದಾರಿಯಾಗಲಿ ಎಂದು ನೆನಪುಗಳನ್ನು ಬರೆದ. ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈನಲ್ಲಿ ತೀರಿಕೊಂಡ. ಪ್ರಕಟಿಸಿದ್ದು ಮಾರ್ಕ್ ಟ್ವೇನ್‌ನ ಸಂಸ್ಥೆ. ಅದರಲ್ಲಿ ಗ್ರಾಂಟ್, ತಾನೇ ಯುವ ಅಧಿಕಾರಿಯಾಗಿ ಕಾದಾಡಿದ ಮೆಕ್ಸಿಕೊ ಯುದ್ಧವನ್ನು ಅನ್ಯಾಯದ ಯುದ್ಧ ಎನ್ನುತ್ತಾನೆ. ಕೋಲ್ಡ್ ಹಾರ್ಬರ್‌ನಲ್ಲಿ ತಾನು ಆಜ್ಞೆ ಮಾಡಿದ ಕೊನೆಯ ದಾಳಿಗೆ ವಿಷಾದ ಪಡುತ್ತಾನೆ. ಇಂಥವನು ಬೇರೆ ಸಂಗತಿ ಹೇಳಿದಾಗ ನಂಬಲು ಮನಸ್ಸಾಗುತ್ತದೆ.

ಎರಡನೇ ಮಹಾಯುದ್ಧದ ಪುಸ್ತಕಗಳಲ್ಲಿ ಬಲೆ ಬೇರೆ ಥರದ್ದು. ಅಲ್ಲಿ ಅಮೆರಿಕ ಗೆದ್ದಿದೆ, ನ್ಯಾಯವೂ ಅದರ ಕಡೆಗಿದೆ. ಹಾಗಾಗಿ ಓದುವವರು ತಪಾಸಣೆ ಸಡಿಲ ಬಿಡುತ್ತಾರೆ. ಸ್ಟೀಫನ್ ಆ್ಯಂಬ್ರೋಸ್‌ನ ‘ಬ್ಯಾಂಡ್ ಆಫ್ ಬ್ರದರ್ಸ್’ (1992) ನನಗೂ ಇಷ್ಟ. ಅದನ್ನು ಆಧರಿಸಿದ ಟಿ.ವಿ. ಸರಣಿಯನ್ನು ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಕೂತು ನೋಡಿದ್ದೇವೆ. ಆಲ್ಬರ್ಟ್ ಬ್ಲೈಥ್ ಎಂಬ ಸೈನಿಕ ಗಾಯದಿಂದ ಚೇತರಿಸಿಕೊಳ್ಳದೆ 1948ರಲ್ಲಿ ಸತ್ತ ಎಂದು ಸರಣಿ ಹೇಳುತ್ತದೆ. ನಿಜಕ್ಕೂ ಆತ ಚೇತರಿಸಿಕೊಂಡು, ಸೇನೆಯಲ್ಲೇ ಮುಂದುವರಿದು, 1967ರವರೆಗೆ ಬದುಕಿದ್ದ. ಜೊತೆಗಾರರ ನೆನಪನ್ನು ಯಾರೂ ದಾಖಲೆಗೆ ಹಚ್ಚಿ ನೋಡಲಿಲ್ಲ, ಅಷ್ಟೇ. ಆ್ಯಂಬ್ರೋಸ್ ಮೇಲೆ 2002ರಲ್ಲಿ ಬೇರೆಯವರ ಸಾಲುಗಳನ್ನು ಉದ್ಧರಣ ಚಿಹ್ನೆ ಇಲ್ಲದೆ ಬಳಸಿದ ಆರೋಪವೂ ಬಂತು. ಅದೇ ಯುದ್ಧದ ಬಗ್ಗೆ ಯೂಜೀನ್ ಸ್ಲೆಡ್ಜ್‌ನ ‘ವಿತ್ ದಿ ಓಲ್ಡ್ ಬ್ರೀಡ್’ (1981) ಓದಿ. ಪೆಲೆಲಿಯು, ಒಕಿನಾವಾ ದ್ವೀಪಗಳಲ್ಲಿ ಕಾದಾಡುತ್ತಾ, ಜೇಬಿನ ಬೈಬಲ್‌ನಲ್ಲಿ ಗುಟ್ಟಾಗಿ ಮಾಡಿಕೊಂಡ ಟಿಪ್ಪಣಿಗಳಿಂದ ಹುಟ್ಟಿದ ಪುಸ್ತಕ ಅದು. ತನ್ನ ಕಡೆಯವರು ಜಪಾನಿ ಸೈನಿಕರ ಬಾಯಿಂದ ಚಿನ್ನದ ಹಲ್ಲು ಕಿತ್ತದ್ದನ್ನೂ ಸ್ಲೆಡ್ಜ್ ಮುಚ್ಚಿಡುವುದಿಲ್ಲ.

ವಿಯೆಟ್ನಾಂ ಪುಸ್ತಕಗಳಿಗೆ ನಾನು ಮಾಡುವುದು ಸಣ್ಣ ಉಪಾಯ. ಅಂಗಡಿಯಲ್ಲಿ ನಿಂತೇ ಕೊನೆಯ ಪುಟಗಳ ಪದಸೂಚಿ ತೆರೆದು ವಿಯೆಟ್ನಾಮೀಯರ ಹೆಸರು ಎಷ್ಟಿವೆ ಎಂದು ಎಣಿಸುತ್ತೇನೆ. ಸತ್ತ ಅಮೆರಿಕನ್ನರು 58 ಸಾವಿರಕ್ಕೂ ಹೆಚ್ಚು. ಅವರೆಲ್ಲರ ಹೆಸರೂ ವಾಷಿಂಗ್ಟನ್ನಿನ ಗೋಡೆಯ ಮೇಲಿದೆ. ವಿಯೆಟ್ನಾಮೀಯರು ಸತ್ತದ್ದು ಹತ್ತಾರು ಲಕ್ಷ. ಅವರು ಬರೀ ‘ಶತ್ರು’ ಆಗಿ ಬರುವ ಪುಸ್ತಕಕ್ಕೆ ನನ್ನ ದುಡ್ಡಿಲ್ಲ. ನೀಲ್ ಶೀಹನ್‌ನ ‘ಎ ಬ್ರೈಟ್ ಶೈನಿಂಗ್ ಲೈ’ (1988) ಜೊತೆಗೆ, ಉತ್ತರ ವಿಯೆಟ್ನಾಂ ಸೇನೆಯಲ್ಲಿದ್ದ ಬಾವ್ ನಿನ್ ಬರೆದ ‘ದಿ ಸಾರೋ ಆಫ್ ವಾರ್’ ಕಾದಂಬರಿಯನ್ನೂ ಇಟ್ಟುಕೊಳ್ಳಿ.

ನಮಗೆ ಹತ್ತಿರದ 1971 ಕೂಡ ಇದೇ ಸಾಲಿಗೆ ಸೇರುತ್ತದೆ. ಹೆನ್ರಿ ಕಿಸಿಂಜರ್‌ನ ನೆನಪುಗಳ ಸಂಪುಟ 1979ರಲ್ಲಿ ಬಂತು. ಅದನ್ನಷ್ಟೇ ಓದಿದರೆ ಪಶ್ಚಿಮ ಪಾಕಿಸ್ತಾನವನ್ನು ಭಾರತದಿಂದ ಕಾಪಾಡಿದ ಚಾಣಾಕ್ಷನ ಕಥೆ. ಗ್ಯಾರಿ ಬಾಸ್‌ನ ‘ದಿ ಬ್ಲಡ್ ಟೆಲಿಗ್ರಾಂ’ (2013) ಶ್ವೇತಭವನದ ಧ್ವನಿಮುದ್ರಿಕೆಗಳನ್ನೂ ಕಡತಗಳನ್ನೂ ತೆರೆದಿಡುತ್ತದೆ. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ 1971ರ ಏಪ್ರಿಲ್ 6ರಂದು ತನ್ನದೇ ಸರ್ಕಾರದ ನೀತಿಯನ್ನು ಖಂಡಿಸುವ ತಂತಿ ಕಳಿಸಿದ. ಆಮೇಲೆ ಆತನನ್ನು ಅಲ್ಲಿಂದ ಎತ್ತಂಗಡಿ ಮಾಡಲಾಯಿತು. ಆ ಕಾಲದ ದಾಖಲೆಗಳ ಸಂಪುಟವನ್ನು ಅಮೆರಿಕದ ವಿದೇಶಾಂಗ ಇಲಾಖೆಯೇ ಪುಕ್ಕಟೆಯಾಗಿ ತನ್ನ ತಾಣದಲ್ಲಿ ಇಟ್ಟಿದೆ.

ಕೆಲಸ ಹುಡುಕುವವರ ಕೈಯಲ್ಲಿ ಪುಸ್ತಕಕ್ಕೆ ಎಷ್ಟು ದುಡ್ಡಿರುತ್ತದೆ ಎಂಬುದು ನನಗೆ ಗೊತ್ತು. ಒಂದೇ ಒಂದರಿಂದ ಶುರು ಮಾಡುವುದಾದರೆ ಫ್ರೆಡರಿಕ್ ಡಗ್ಲಾಸ್‌ನ 1845ರ ಆತ್ಮಕಥೆ ಸಾಕು. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಣ ಕೊಡದೆ ಸಿಗುತ್ತದೆ, ಎರಡು ಸಂಜೆಯಲ್ಲಿ ಮುಗಿಯುತ್ತದೆ. ಗುಲಾಮನಾಗಿದ್ದು 1838ರಲ್ಲಿ ತಪ್ಪಿಸಿಕೊಂಡವನು ಒಡೆಯರ ಹೆಸರು, ಊರು ಎಲ್ಲ ಹಾಕಿ ಬರೆದ. ಹಾಗೆ ಬರೆದದ್ದರಿಂದಲೇ ಮತ್ತೆ ಹಿಡಿದೊಯ್ಯುವ ಭಯದಲ್ಲಿ ಸುಮಾರು ಎರಡು ವರ್ಷ ಬ್ರಿಟನ್ನಿನಲ್ಲಿರಬೇಕಾಯಿತು.

ಹೊಸ ನೋಟ್ಸ್ ಬರೆದು ಜೂನಿಯರ್‌ಗಳಿಗೆ ಕೊಟ್ಟಾಗ ಹುಬ್ಬಳ್ಳಿ ಕಡೆಯ ಹುಡುಗ ಕೇಳಿದ: “ಅಣ್ಣಾ, ಹಂಗಾದ್ರ ಪರೀಕ್ಷಾದಾಗ ಯಾವ್ದು ಬರೀಲಿ? ಹಳೇದಕ್ಕ ಮಾರ್ಕ್ಸ್ ಬಿದ್ದಾವಲ್ಲ?” ನ್ಯಾಯವಾದ ಪ್ರಶ್ನೆ. ಗುಲಾಮಗಿರಿಯನ್ನು ಮೊದಲು ಬರಿ, ಉಳಿದ ಮೂರು ಕಾರಣಗಳು ಅದಕ್ಕೆ ಹೇಗೆ ತಗುಲಿಕೊಂಡಿವೆ ಎಂದು ಅದರ ಕೆಳಗೆ ತೋರಿಸು, ಸ್ಟೀಫನ್ಸ್‌ನ ಎರಡು ಮಾತುಗಳನ್ನೂ ಇಸವಿ ಸಮೇತ ಹಾಕು ಎಂದೆ. ಅವನು ತಲೆಯಾಡಿಸಿ, ಹಳೆಯ ಪುಟಗಳನ್ನು ಹರಿಯದೆ ಫೈಲಿನ ಹಿಂದೆ ಸೇರಿಸಿಕೊಂಡ. ಇನ್ನೊಬ್ಬ ಹೊಸದನ್ನು ಸುಮ್ಮನೆ ತೆಗೆದುಕೊಂಡ. ಮೂರನೆಯವನು ಪಿಜಿ ಬಿಟ್ಟು ಊರಿಗೆ ಹೋಗಿ ಅಲ್ಲಿ ಟ್ಯೂಷನ್ ಹೇಳುತ್ತಿದ್ದಾನಂತೆ, ಅದೇ ಹಳೆಯ ನೋಟ್ಸ್ ಇಟ್ಟುಕೊಂಡು. ಹೊಸ ಪುಟಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇನೆ. ಇನ್ನೂ ನೋಡಿಲ್ಲ. ನಾಳೆ ಫೋನ್ ಮಾಡಬೇಕು.