ಮೊದಲು ಆ ಬೀರು, ಆಮೇಲೆ ರೋಬೋ

ಹೋದ ಸೆಮಿಸ್ಟರ್‌ನಲ್ಲಿ ಎನ್‌ಎಸ್‌ಎಸ್ ಕಡೆಯಿಂದ ನಾವು ಎಂಟು ಜನ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗಿದ್ವಿ. ಒಂದು ಲೈನ್ ಫಾಲೋವರ್ ರೋಬೋ, ಒಂದು ಲ್ಯಾಪ್‌ಟಾಪ್, ಜೊತೆಗೆ ನಮ್ಮ ಬ್ಯಾನರ್. ರೋಬೋ ಕಪ್ಪು ಗೆರೆ ಮೇಲೆ ಓಡ್ತು, ಮಕ್ಕಳು ಚಪ್ಪಾಳೆ ಹೊಡೆದ್ರು, ಫೋಟೋನೂ ಆಯ್ತು. ಆಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದು, "ಅಕ್ಕ, ಇದರೊಳಗಿರೋ ಮೋಟಾರ್ ಯಾಕೆ ತಿರುಗುತ್ತೆ?" ಅಂತ ಕೇಳಿದ್ಳು.

ನಂಗೆ ಉತ್ತರ ಗೊತ್ತಿತ್ತು. ಆದರೆ ಇಂಗ್ಲಿಷಲ್ಲಿ ಮಾತ್ರ ಗೊತ್ತಿತ್ತು. "ಮ್ಯಾಗ್ನೆಟಿಕ್ ಫೀಲ್ಡು, ಕರೆಂಟು, ಫೋರ್ಸು" ಅಂತೇನೋ ಹೇಳಿ ಫ್ಲೆಮಿಂಗ್ ರೂಲಿನ ಮೂರು ಬೆರಳು ತೋರಿಸಿದೆ. ಪಾಪ, ಮರ್ಯಾದೆಗೆ ತಲೆ ಆಡಿಸಿ ಹೋದ್ಳು.

ಇದನ್ನ ನೋಡ್ತಾ ಇದ್ದ ವಿಜ್ಞಾನದ ಮೇಡಂ ನಮ್ಮನ್ನ ಕರ್ಕೊಂಡು ಹೋಗಿ ಸ್ಟಾಫ್ ರೂಮಿನ ಮೂಲೆಯ ಕಬ್ಬಿಣದ ಬೀರು ತೆಗೆದ್ರು. ಒಳಗೆ ಏನಿಲ್ಲ ಹೇಳಿ! ಲೆನ್ಸು, ಪ್ರಿಸಂ, ಗ್ಯಾಲ್ವನೋಮೀಟರ್, ಟೆಸ್ಟ್ ಟ್ಯೂಬುಗಳು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಮೈಕ್ರೋಸ್ಕೋಪ್. ಬಾರ್ ಮ್ಯಾಗ್ನೆಟ್‌ಗಳು ಹೇಗೆ ಬೇಕೋ ಹಾಗೆ ಬಿದ್ದು ಬಿದ್ದು ಶಕ್ತಿ ಕಳ್ಕೊಂಡಿದ್ವು, ಒಂದು ಪಿನ್ ಎತ್ತೋಕೂ ಒದ್ದಾಡ್ತಿದ್ವು. "ಐವತ್ತೆರಡು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್ಡು. ತೆಗೆಯೋಕೆ ಹತ್ತು ನಿಮಿಷ, ವಾಪಸ್ ಇಡೋಕೆ ಹತ್ತು ನಿಮಿಷ. ಒಂದು ಲೆನ್ಸ್ ಕಾಣೆಯಾದ್ರೂ ಸ್ಟಾಕ್ ರಿಜಿಸ್ಟರಿಗೆ ನಾನೇ ಉತ್ತರ ಕೊಡ್ಬೇಕು. ಯಾವಾಗ ಮಾಡ್ಸಲಿ ಹೇಳಮ್ಮ?" ಅಂದ್ರು.

ಸರ್ಕಾರಿ ಶಾಲೆ ಅಂದ್ರೆ ಹೀಗೇ ಅಂತ ಮೂಗು ಮುರಿಯಬೇಡಿ. ನಾನು ಓದಿದ್ದು ಫೀಸ್ ಕಟ್ಟಿದ ಇಂಗ್ಲಿಷ್ ಮೀಡಿಯಂ ಶಾಲೆ. ಟೈಲ್ಸ್ ಹಾಕಿದ ಲ್ಯಾಬ್ ಇತ್ತು. ಆದರೆ ಪ್ರಯೋಗ ಮಾಡ್ತಿದ್ದವರು ಸರ್ ಒಬ್ಬರೇ, ನಾವು ಸುತ್ತ ನಿಂತು ಮುಂದಿನವರ ಜಡೆ ನೋಡ್ತಿದ್ವಿ. ರೆಕಾರ್ಡ್ ಬುಕ್ಕಲ್ಲಿ ಮಾತ್ರ "ನಾನು ಗಮನಿಸಿದ್ದು" ಅಂತ ಒಳ್ಳೆ ಅಕ್ಷರದಲ್ಲಿ ಬರೆದು ಮಾರ್ಕ್ಸ್ ತಗೊಂಡೆ.

ಬೀರುವೂ ಇಲ್ಲದ ಶಾಲೆಗಳಿವೆ, ಅದು ಬೇರೆ ಮಾತು, ಅಲ್ಲಿಗೆ ದುಡ್ಡು ಬೇಕೇ ಬೇಕು. ಆದರೆ ದುಡ್ಡು ಒಂದೇ ಸಾಲದು ಅಂತ ನನ್ನ ವಾದ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷದವರೆಗೆ ಅನುದಾನ ಇದೆ. ಒಳ್ಳೇದೇ. ಆದರೆ ಮೇಡಂ ಹೇಳಿದ ಆ ಹತ್ತು ಹತ್ತು ನಿಮಿಷದ ಲೆಕ್ಕಕ್ಕೆ ತ್ರೀಡಿ ಪ್ರಿಂಟರಲ್ಲಿ ಉತ್ತರ ಇಲ್ಲ.

ಉತ್ತರ ನಮ್ಮ ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲೇ ಇದೆ. ಗೋಡೆಯ ಬೋರ್ಡ್ ಮೇಲೆ ಪ್ರತಿ ಟೂಲಿನ ಆಕಾರ ಬರೆದಿರ್ತಾರಲ್ಲ, ಸುತ್ತಿಗೆ ವಾಪಸ್ ಬಂದಿಲ್ಲ ಅಂದ್ರೆ ಆ ಜಾಗ ಖಾಲಿ ಕಾಣುತ್ತೆ. ಅದನ್ನೇ ಶಾಲೆಗೆ ತಗೊಂಡು ಹೋಗೋಣ. ಐದೈದು ಮಕ್ಕಳ ಗುಂಪು, ಗುಂಪಿಗೊಂದು ಅಗ್ಗದ ಪ್ಲಾಸ್ಟಿಕ್ ಟ್ರೇ. ಟ್ರೇ ತಳದಲ್ಲಿ ಅಂಟಿಸಿದ ಹಾಳೆ ಮೇಲೆ ಒಳಗಿರೋ ವಸ್ತುಗಳ ಗೆರೆಚಿತ್ರ, ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಮತ್ತು ಎಷ್ಟು ಅನ್ನೋ ಸಂಖ್ಯೆ. ಟ್ರೇ ತರೋನು ಒಬ್ಬ, ಬರೆಯೋಳು ಒಬ್ಬಳು, ಕೊನೆಗೆ ಎಣಿಸಿ ಕೊಡೋದು ಇನ್ನೊಬ್ಬರು, ಪ್ರತಿ ವಾರ ಅದಲು ಬದಲು. ಮೇಡಂ ಬಾಗಿಲಲ್ಲಿ ನಿಂತು ಟ್ರೇ ನೋಡಿದ್ರೆ ಸಾಕು, ಖಾಲಿ ಗೆರೆ ಕಂಡ್ರೆ ಯಾವ ಗುಂಪು ಅಂತ ಅಲ್ಲೇ ಗೊತ್ತಾಗುತ್ತೆ. ಮ್ಯಾಗ್ನೆಟ್‌ಗಳನ್ನ ಜೋಡಿ ಜೋಡಿಯಾಗಿ, ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ ಬರೋ ಹಾಗೆ ಇಟ್ಟು, ಎರಡೂ ತುದಿಗೆ ಮೆದು ಕಬ್ಬಿಣದ ತುಂಡು ಕೊಟ್ರೆ ಅವೂ ಬೇಗ ಸಾಯೋದಿಲ್ಲ.

ಟ್ರೇ ಒಳಗೆ ಏನು? ಆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡಬಹುದು. ಒಂದು ದೊಡ್ಡ ಸೆಲ್, ಎರಡು ಸೇಫ್ಟಿ ಪಿನ್, ಹಳೇ ಸೈಕಲ್ ಟ್ಯೂಬಿಂದ ಕತ್ತರಿಸಿದ ರಬ್ಬರ್ ಬ್ಯಾಂಡ್, ಹಾಳಾದ ಸ್ಪೀಕರಿನ ಮ್ಯಾಗ್ನೆಟ್, ಒಂದು ಮೀಟರ್ ಎನಾಮಲ್ ತಾಮ್ರದ ತಂತಿ. ತಂತಿಯನ್ನ ಸೆಲ್‌ಗೇ ಕೆಲವು ಸುತ್ತು ಸುತ್ತಿ ಕಾಯಿಲ್ ಮಾಡಿ. ಒಂದು ತುದಿಯ ಎನಾಮಲ್ ಪೂರ್ತಿ ಕೆರೆಯಿರಿ, ಇನ್ನೊಂದು ತುದಿಯಲ್ಲಿ ಒಂದು ಮಗ್ಗುಲು ಮಾತ್ರ. ಪಿನ್ನುಗಳ ಕಣ್ಣಲ್ಲಿ ಕೂರಿಸಿ ಮೆಲ್ಲಗೆ ತಟ್ಟಿದ್ರೆ ತಿರುಗುತ್ತೆ. ಎರಡೂ ಕಡೆ ಪೂರ್ತಿ ಕೆರೆದ್ರೆ? ಅರ್ಧ ಸುತ್ತು ಮುಂದೆ ತಳ್ಳಿದ ಬಲವೇ ಉಳಿದರ್ಧದಲ್ಲಿ ಹಿಂದಕ್ಕೆ ತಳ್ಳುತ್ತೆ, ಕಾಯಿಲ್ ತೂಗಾಡಿ ನಿಂತುಬಿಡುತ್ತೆ. ಕಾಮ್ಯುಟೇಟರ್ ಯಾಕೆ ಬೇಕು ಅಂತ ನಂಗೆ ನಿಜವಾಗಿ ಅರ್ಥ ಆಗಿದ್ದು ಮೊನ್ನೆ ಹಾಸ್ಟೆಲ್ ರೂಮಲ್ಲಿ ಇದನ್ನ ತಪ್ಪಾಗಿ ಮಾಡಿದಾಗ. (ತುಂಬಾ ಹೊತ್ತು ಬಿಡಬೇಡಿ, ತಂತಿ ಬಿಸಿಯಾಗುತ್ತೆ.)

ರಸಾಯನಶಾಸ್ತ್ರಕ್ಕೆ ಅಡುಗೆಮನೆ ಇದೆ. ಅರಿಶಿನ ಸೋಪಿನ ನೀರಿಗೆ ಕೆಂಪಾಗೋದು ಎಲ್ಲರಿಗೂ ಗೊತ್ತು, ಆದರೆ ನಿಂಬೆರಸಕ್ಕೂ ಬರೀ ನೀರಿಗೂ ಅದು ಹಳದಿಯಾಗೇ ಇರುತ್ತೆ. ಆಮ್ಲ ಕಂಡುಹಿಡಿಯೋಕೆ ಕೆಂಪು ದಾಸವಾಳದ ರಸ ಬೇಕು. ಆಮ್ಲಕ್ಕೆ ಗಾಢ ಗುಲಾಬಿ, ಕ್ಷಾರಕ್ಕೆ ಹಸಿರು.

ಇದೆಲ್ಲ ನನ್ನ ಬುದ್ಧಿವಂತಿಕೆ ಅಲ್ಲ. ಈ ಮೋಟಾರನ್ನ ಊರೂರಿಗೆ ಮುಟ್ಟಿಸಿದವರಲ್ಲಿ ಅರವಿಂದ ಗುಪ್ತಾ ಒಬ್ಬರು. ಅವರೂ ಇಂಜಿನಿಯರೇ, ಐಐಟಿ ಕಾನ್ಪುರ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮಕ್ಕೆ ಕಂಪನಿ ಕೆಲಸಕ್ಕೆ ರಜೆ ಹಾಕಿ ಹೋದವರು, ಸೈಕಲ್ ವಾಲ್ವ್ ಟ್ಯೂಬಿಗೆ ಬೆಂಕಿಕಡ್ಡಿ ಸಿಗಿಸಿ ಜ್ಯಾಮಿತಿ ತೋರಿಸಿದ್ರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಪುಸ್ತಕ, ವಿಡಿಯೋ ಎಲ್ಲಾ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ ಕೆಲವು ಕನ್ನಡದಲ್ಲೂ ಇವೆ. ಚೆನ್ನಾಗಿವೆ, ಆದರೆ ಸ್ಕ್ರೀನ್ ಮೇಲಿನ ಸರ್ಕ್ಯೂಟಲ್ಲಿ ಲೂಸ್ ಕನೆಕ್ಷನ್ ಇರೋದಿಲ್ಲ. ನಮ್ಮ ಲ್ಯಾಬಲ್ಲಿ ಅರ್ಧ ಟೈಮ್ ಹೋಗೋದೇ ಅದಕ್ಕೆ ಅಲ್ವಾ?

"ರೋಬೋ ನೋಡಿದ್ರೆ ಮಕ್ಕಳಿಗೆ ಆಸೆ ಹುಟ್ಟುತ್ತೆ" ಅಂತ ಸೀನಿಯರ್ ಅಣ್ಣ ಒಬ್ಬರು ಹೇಳ್ತಾರೆ. ಇರಬಹುದು, ನಂಗೂ ಹುಟ್ಟಿದ್ದು ಹಾಗೇ. ಆದರೆ ಸಂಜೆ ರೋಬೋ ನಮ್ಮ ಜೊತೆ ಬಸ್ ಹತ್ತುತ್ತೆ, ಟ್ರೇ ಅಲ್ಲೇ ಉಳಿಯುತ್ತೆ. ಟ್ರೇ ಜೋಡಿಸೋ ಫೋಟೋಗೆ ಲಿಂಕ್ಡ್‌ಇನ್‌ನಲ್ಲಿ ಲೈಕ್ ಬರಲ್ಲ ಅನ್ನೋದು ನಿಜ, ಅದನ್ನ ನಾವು ಬಾಯಿ ಬಿಟ್ಟು ಹೇಳ್ತಾ ಇಲ್ಲ ಅಷ್ಟೆ.

ಈ ಸಲ ಔಟ್‌ರೀಚ್‌ಗೆ ನಮ್ಮ ಹತ್ರ ಎಂಟು ಸಾವಿರ ಇದೆ, ಹೊಸ ರೋಬೋಟಿಕ್ಸ್ ಕಿಟ್ ತಗೊಳ್ಳೋ ಪ್ರಸ್ತಾಪ ಇದೆ. ನನ್ನ ವೋಟು ಹತ್ತು ಟ್ರೇ, ತಂತಿ, ಸೆಲ್ಲು ಮತ್ತು ಎರಡು ಶನಿವಾರಕ್ಕೆ. ಮೊದಲ ಶನಿವಾರ ಮೇಡಂ ಜೊತೆ ಕೂತು ಬೀರು ಖಾಲಿ ಮಾಡಿ, ಅವರು ಹೇಳಿದ ಪಾಠಗಳ ಪ್ರಕಾರ ಜೋಡಿಸೋದು. ಎರಡನೇ ಶನಿವಾರ ಹತ್ತೂ ಗುಂಪಲ್ಲಿ ಮೋಟಾರ್. ಮೀಟಿಂಗ್ ಗುರುವಾರ ನಾಲ್ಕೂವರೆಗೆ, ಸಿವಿಲ್ ಬ್ಲಾಕ್ ಸೆಮಿನಾರ್ ಹಾಲ್. ಲೇಬಲ್ ಬರೆಯೋಕೆ ಅಕ್ಷರ ಚೆನ್ನಾಗಿರೋರು ಬೇಕು, ನನ್ನ ಕನ್ನಡ ಅಕ್ಷರ ನೋಡಿದ್ರೆ ಮಕ್ಕಳು ಹೆದರ್ಕೋತಾರೆ.