ಬಾರದ ಕಾಗದ

ಈ ಸಂಚಿಕೆಗೆ ನಾವು ಆರಿಸಿಕೊಂಡಿರುವುದು ಝುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (೨೦೦೩) ಎಂಬ ಇಂಗ್ಲಿಷ್ ಕಾದಂಬರಿ. ಬಂಗಾಳಿ ದಂಪತಿಗಳ ಮಗಳಾಗಿ ಲಂಡನ್ನಿನಲ್ಲಿ ಹುಟ್ಟಿ, ಅಮೆರಿಕೆಯಲ್ಲಿ ಬೆಳೆದ ಲೇಖಕಿ ಇವರು. ಸಣ್ಣಕತೆಗಳಿಗಾಗಿ ೨೦೦೦ದಲ್ಲಿ ಪುಲಿಟ್ಜರ್ ಬಹುಮಾನ ಪಡೆದವರು.

ಕಥೆ ಮೊದಲಾಗುವುದು ಅಡಿಗೆಮನೆಯಲ್ಲಿ. ತುಂಬುಬಸುರಿ ಆಶಿಮಾ ಕಲ್ಕತ್ತೆಯ ಬೀದಿಯ ಚುರುಮುರಿಗೆ ಆಸೆಪಟ್ಟು, ಮಂಡಕ್ಕಿಯ ಬದಲಿಗೆ ರೈಸ್ ಕ್ರಿಸ್ಪೀಸ್ ಹಾಕಿ, ಕಡಲೆಕಾಯಿ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸುತ್ತಾಳೆ. ಸಾಸಿವೆ ಎಣ್ಣೆ ಇಲ್ಲ. ಆ ರುಚಿ ಬರುವುದಿಲ್ಲ. (ಪರಸ್ಥಳದಲ್ಲಿ ಒಲೆ ಹೂಡಿದ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಮಗುವಿಗೆ ಹೆಸರಿಡಬೇಕಾದವಳು ಊರಿನಲ್ಲಿರುವ ಮುತ್ತಜ್ಜಿ. ಹೆಸರು ಬರೆದ ಅವಳ ಕಾಗದ ಬರುವುದೇ ಇಲ್ಲ. ಆಸ್ಪತ್ರೆಯವರೋ ಹೆಸರು ಬರೆಸದೆ ಮನೆಗೆ ಬಿಡರು. ಕೊನೆಗೆ ತಂದೆ ರಷ್ಯದ ಲೇಖಕನ ಹೆಸರನ್ನು, ಗೋಗೋಲ್ ಎಂದು, ಇಡುತ್ತಾನೆ. ಹಿಂದೊಮ್ಮೆ ರೈಲು ಅಪಘಾತದಲ್ಲಿ, ಕೈಯಿಂದ ಬಿದ್ದ ಗೋಗೋಲನ ಪುಸ್ತಕದ ಹಾಳೆಯಿಂದಾಗಿ ಜನರ ಕಣ್ಣಿಗೆ ಬಿದ್ದು ಬದುಕಿಕೊಂಡವನು ಅವನು. ಮಗನಿಗೆ ಇದೊಂದೂ ತಿಳಿಯದು. ನಾಚಿಕೆಯಿಂದ, ಹದಿನೆಂಟನೆಯ ವಯಸ್ಸಿಗೆ, ನ್ಯಾಯಾಲಯಕ್ಕೆ ಹೋಗಿ ನಿಖಿಲ್ ಆಗಿಬಿಡುತ್ತಾನೆ. ತಂದೆ ಬಾಯಿಬಿಡುವುದು ಆಮೇಲೆ! ತಪ್ಪೆಲ್ಲ ಮಗನದೆನ್ನಲು ನಮಗೆ ಮನಸ್ಸು ಬಾರದು.

ಲಾಹಿರಿಯವರೂ ಮನೆಯಲ್ಲಿ ಬಂಗಾಳಿ ಆಡುತ್ತಲೇ ಬೆಳೆದರು. ಆದರೆ ಅದನ್ನು ಓದಲು ಬರೆಯಲು ತಮಗೆ ಬಾರದೆಂದು ತಾವೇ ಹೇಳಿಕೊಂಡಿದ್ದಾರೆ. ಮುಂದೆ ರೋಮಿನಲ್ಲಿ ನೆಲೆಸಿ, ೨೦೧೫ರಲ್ಲಿ ಇಟಾಲಿಯನ್ ಭಾಷೆಯಲ್ಲಿಯೇ ಪುಸ್ತಕ ಪ್ರಕಟಿಸಿದರು.

ಕನ್ನಡ ಆಡಬಲ್ಲ, ಆದರೆ ಈ ಪುಟವನ್ನು ಓದಲಾರದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಚುರುಮುರಿಯ ಭಾಗವನ್ನಾದರೂ ದಯವಿಟ್ಟು ಓದಿ ಹೇಳಿರಿ.