ಟ್ರೇಲರ್ ನೋಡಿ ಟಿಕೆಟ್ ತಗೀಬ್ಯಾಡ್ರಿ

ಅಂಗಡಿ ಬಾಗಲದಾಗ ತೂಗಹಾಕಿದ ಸೀರಿ ನೋಡಿ ನಾವೇನು ರೊಕ್ಕಾ ಕೊಡಂಗಿಲ್ಲ. ಸೆರಗು ಬಿಚ್ಚಿಸಿ, ಬಣ್ಣಾ ಹೋಗತೈತೇನು ಅಂತ ಕೇಳತೀವಿ. ಸಿನಿಮಾ ಟ್ರೇಲರಿಗೆ ಮಾತ್ರ ಎರಡು-ಮೂರು ನಿಮಿಷದಾಗ ಸೋಲತೀವಿ.

'ಕೆಜಿಎಫ್ 2' ಟೀಸರ್ ಬಂದದ್ದು 2021ರ ಜನವರಿಯೊಳಗ, ಸಿನಿಮಾ ಬಂದದ್ದು 2022ರ ಏಪ್ರಿಲ್ 14ಕ್ಕ. ನಡುವ ಕೊರೋನಾ ಇತ್ತು ಖರೆ, ಆದ್ರ ಹದಿನೈದು ತಿಂಗಳು ಮಂದಿ ಅದನ್ನ ಮರೀಲಿಲ್ಲ. 'ಬಾಹುಬಲಿ'ಯವರು 2015ರಾಗ 'ಕಟ್ಟಪ್ಪ ಯಾಕ ಕೊಂದ?' ಅನ್ನೂ ಪ್ರಶ್ನಿ ಕೈಯಾಗಿಟ್ಟು, ಉತ್ತರಕ್ಕ 2017ರ ತನಕಾ ಕಾಯಿಸಿದ್ರು. ಅಷ್ಟು ಕಾದ ಮ್ಯಾಲೆ ಟಿಕೆಟ್ ರೇಟ್ ಎಷ್ಟಂತ ಯಾರು ನೋಡತಾರ? ಸಿನಿಮಾಕ್ಕಿಂತ ಮೊದಲ ಕಾಯೂ ಚಟಾನ ಮಾರತಾರ ನೋಡ್ರಿ.

'ಕಾಂತಾರ' ನೆನಸ್ಕೋರಿ. 2022ರ ಸೆಪ್ಟೆಂಬರ್ 30ಕ್ಕ ಕನ್ನಡದಾಗಷ್ಟ ಬಂತು. ನೋಡಿ ಬಂದವರ ಮಾತು ಕೇಳಿ ಜನಾ ಹೋದ್ರು. ಎರಡು ವಾರದಾಗ ಹಿಂದಿಯೊಳಗೂ ಬಂತು.

ಅದಕ್ಕ, ಶುಕ್ರವಾರದ ಗದ್ದಲಾ ಬಿಡ್ರಿ, ಸೋಮವಾರ ತನಕಾ ತಡೀರಿ. ನೋಡಿ ಬಂದ ವೈನಿಗೆ ಕೇಳ್ರಿ: ಕಥಿ ಐತೇನು, ಹುಡುಗೂರನ್ನ ಕರಕೊಂಡು ಕೂಡಬಹುದೇನು? ಭಾಳ ಕಡೆ ವಾರದ ನಡುವ ರೇಟೂ ಇಳದಿರತೈತಿ. ನಾಲ್ಕು ಮಂದಿ ಮನಿಗೆ ಅದು ಸಣ್ಣ ಉಳಿತಾಯ ಅಲ್ರೀ.